ಒಂದು ಗುಂಟೆ ಜಾಗದಲ್ಲಿ ಒಂದು ಪುಟ್ಟ ಡಬ್ಬಿ: ಜಿಯೋಕ್ಯಾಶಿಂಗ್‌ಗೆ ನಾನು ಫೋನ್ ಆರಿಸಿದ ಬಗೆ

ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ದಕ್ಷಿಣಕ್ಕೆ ಶೋನ್‌ಬುಖ್ ಅಂತ ಒಂದು ದೊಡ್ಡ ಕಾಡಿದೆ. ಬೀಚ್ ಮರಗಳು ಜಾಸ್ತಿ. ಬೇಸಿಗೆಯಲ್ಲಿ ಎಲೆ ತುಂಬಿಕೊಂಡರೆ ತಲೆಯ ಮೇಲೆ ಆಕಾಶ ಕಾಣುವುದೇ ಕಷ್ಟ. ಅಲ್ಲಿ ಒಂದು ಭಾನುವಾರ ನಾನೂ ನನ್ನ ಮಗನೂ ಮುಕ್ಕಾಲು ಗಂಟೆ ಒಂದೇ ಮರದ ಸುತ್ತ ಸುತ್ತಿದೆವು. ನಿಂತಲ್ಲೇ ನಿಂತರೂ ಫೋನಿನ ಬಾಣ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಒಮ್ಮೆ ನಮ್ಮ ಬೆನ್ನ ಹಿಂದಕ್ಕೆ ತಿರುಗುತ್ತಿತ್ತು. "ಅಮ್ಮಾ, ಇದಕ್ಕೇ ದಾರಿ ಗೊತ್ತಿಲ್ಲ" ಅಂದ ಮಗ. ಅವನಿಗೆ ಆಗ ಎಂಟು ವರ್ಷ. ಡಬ್ಬಿ ಸಿಗಲಿಲ್ಲ. ಮನೆಗೆ ಬರುವಾಗ ಅವನು ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ. ಆ ದಿನದಿಂದ ನಾನು ಫೋನಿನ ವಿಷಯವನ್ನು ಗಂಭೀರವಾಗಿ ತಗೊಂಡೆ.

ಜಿಯೋಕ್ಯಾಶಿಂಗ್ ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಯಾರೋ ಒಬ್ಬರು ಒಂದು ಡಬ್ಬಿಯನ್ನು ಬಚ್ಚಿಟ್ಟು ಅದರ ಅಕ್ಷಾಂಶ, ರೇಖಾಂಶ ಪ್ರಕಟಿಸುತ್ತಾರೆ. ನಾವು ಹುಡುಕಿ, ಒಳಗಿರುವ ಲಾಗ್‌ಬುಕ್‌ನಲ್ಲಿ ಹೆಸರು ಬರೆದು, ಇದ್ದ ಹಾಗೇ ಇಟ್ಟು ಬರಬೇಕು. ಅಮೆರಿಕ ಸರ್ಕಾರ ಜಿಪಿಎಸ್ ಸಂಕೇತದಲ್ಲಿ ಬೇಕಂತಲೇ ಬೆರೆಸುತ್ತಿದ್ದ ತಪ್ಪನ್ನು ನಿಲ್ಲಿಸಿದ್ದು 2000ದ ಮೇ ತಿಂಗಳ ಆರಂಭದಲ್ಲಿ. ಮರುದಿನವೇ, ಮೇ 3ರಂದು, ಡೇವ್ ಉಲ್ಮರ್ ಎಂಬುವರು ಒರೆಗಾನ್ ರಾಜ್ಯದಲ್ಲಿ ಮೊದಲ ಡಬ್ಬಿ ಇಟ್ಟರು. ಆಗ ಇದಕ್ಕೆ ಪ್ರತ್ಯೇಕ ಜಿಪಿಎಸ್ ಯಂತ್ರ ಬೇಕಿತ್ತು. ಈಗ ಫೋನ್ ಸಾಕು. ಆದರೆ ಎಲ್ಲ ಫೋನೂ ಸಾಲದು ಅನ್ನುವುದು ನನಗೆ ಆ ಮರದ ಬುಡದಲ್ಲಿ ಗೊತ್ತಾಯಿತು.

ನನ್ನ ಹಳೆಯ ಫೋನಿನ ತೊಂದರೆ ಏನು ಅಂತ ಕಂಡುಹಿಡಿಯಲು ಎರಡು ಸಂಜೆ ಹಿಡಿಯಿತು. ಅದರಲ್ಲಿ ಮ್ಯಾಗ್ನೆಟೋಮೀಟರ್ ಇರಲಿಲ್ಲ. ಅಂದರೆ ದಿಕ್ಸೂಚಿಯ ಸೆನ್ಸರ್ ಇಲ್ಲ. ಕಡಿಮೆ ಬೆಲೆಯ ಎಷ್ಟೋ ಫೋನ್‌ಗಳಲ್ಲಿ ಇದನ್ನು ಬಿಟ್ಟುಬಿಡುತ್ತಾರೆ. ಊರೊಳಗೆ ಕಾರು ಓಡಿಸುವಾಗ ಇದು ನಮಗೆ ತಿಳಿಯುವುದೇ ಇಲ್ಲ. ಯಾಕಂದ್ರೆ ನಾವು ಚಲಿಸುತ್ತಿದ್ದರೆ ಫೋನ್ ಹಿಂದಿನ ಜಾಗ, ಈಗಿನ ಜಾಗ ಎರಡನ್ನೂ ಹೋಲಿಸಿ ದಿಕ್ಕು ಲೆಕ್ಕ ಹಾಕುತ್ತದೆ. ನಿಂತುಬಿಟ್ಟರೆ ಆ ಲೆಕ್ಕ ಕೆಡುತ್ತದೆ. ಡಬ್ಬಿ ಹುಡುಕುವಾಗ ಕೊನೆಯ ಹತ್ತು ಮೀಟರ್‌ನಲ್ಲಿ ನಾವು ನಿಂತೇ ಇರುತ್ತೇವಲ್ಲ, ಸರಿಯಾಗಿ ಆಗಲೇ ಬಾಣ ಕೈಕೊಡುತ್ತದೆ.

ಹಾಗಾಗಿ ಹೊಸ ಫೋನಿನಲ್ಲಿ ನಾನು ಮೊದಲು ನೋಡಿದ್ದು ಕ್ಯಾಮೆರಾ ಅಲ್ಲ, ದಿಕ್ಸೂಚಿ. ವಿವರಪಟ್ಟಿಯಲ್ಲಿ ಇದನ್ನು ಇ-ಕಂಪಾಸ್ ಅಂತಲೋ ಮ್ಯಾಗ್ನೆಟೋಮೀಟರ್ ಅಂತಲೋ ಬರೆದಿರುತ್ತಾರೆ. ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಕಂಪಾಸ್ ಆಪ್ ತೆರೆದು, ಫೋನನ್ನು ಅಂಗೈ ಮೇಲೆ ಇಟ್ಟುಕೊಂಡು ನಿಂತಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಿ. ಮುಳ್ಳು ಸರಾಗವಾಗಿ ತಿರುಗಿ ಮತ್ತೆ ಮೊದಲಿನ ದಿಕ್ಕಿಗೇ ಬಂದು ನಿಲ್ಲಬೇಕು. ಕಬ್ಬಿಣದ ಮೇಜು, ಸ್ಪೀಕರ್‌ಗಳ ಪಕ್ಕ ಮಾತ್ರ ಮಾಡಬೇಡಿ, ಒಳ್ಳೆಯ ಫೋನೂ ತಪ್ಪು ತೋರಿಸುತ್ತದೆ.

ಎರಡನೆಯದು ಜಿಪಿಎಸ್ ಎಷ್ಟು ನಿಖರ ಅನ್ನುವುದು. ಇದನ್ನು ನನಗೆ ಮನದಟ್ಟು ಮಾಡಿದವರು ಅಪ್ಪ. ಅವರು ಮಂಡ್ಯ ಜಿಲ್ಲೆಯಲ್ಲಿ ಸರ್ವೆಯರ್ ಆಗಿದ್ದವರು, 33 ಅಡಿ ಸರಪಳಿ ಹಿಡಿದು ಹೊಲ ಅಳೆದವರು. "ನಿನ್ನ ಫೋನ್ ಎಷ್ಟು ತಪ್ಪು ತೋರಿಸ್ತದೆ?" ಅಂತ ವಿಡಿಯೋ ಕಾಲ್‌ನಲ್ಲಿ ಕೇಳಿದರು. "ಐದಾರು ಮೀಟರ್ ಅಪ್ಪ, ಏನ್ ಜಾಸ್ತಿ ಅಲ್ಲ" ಅಂದೆ. ಅವರು ಅಲ್ಲೇ ಲೆಕ್ಕ ಹಾಕಿದರು. "ಸುತ್ತ ಐದಾರು ಮೀಟರ್ ಅಂದ್ರೆ ಒಂದು ಗುಂಟೆ ಜಾಗ ಕಣಮ್ಮ. ಹತ್ತು ಮೀಟರ್ ಆದ್ರೆ ಮೂರು ಗುಂಟೆ. ಮೂರು ಗುಂಟೆ ಕಾಡಲ್ಲಿ ಹೆಬ್ಬೆರಳಷ್ಟು ಡಬ್ಬಿ ಹುಡುಕ್ತೀಯಾ?" ತಪ್ಪನ್ನು ನಾವು ಉದ್ದದಲ್ಲಿ ಯೋಚಿಸುತ್ತೇವೆ, ಹುಡುಕಬೇಕಾಗಿರುವುದು ವಿಸ್ತೀರ್ಣದಲ್ಲಿ. ಆ ಮಾತು ಕೇಳಿದ ಮೇಲೆ ಪ್ರತಿಯೊಂದು ಮೀಟರಿಗೂ ಬೆಲೆ ಇದೆ ಅನ್ನಿಸಿತು.

ಹಾಗಾಗಿ ಎರಡು ತರಂಗಾಂತರ ಹಿಡಿಯುವ ಫೋನನ್ನೇ ಹುಡುಕಿದೆ. ಹಳೆಯ ಫೋನ್‌ಗಳು ಎಲ್1 ಅನ್ನುವ ಒಂದೇ ಸಂಕೇತ ಕೇಳಿಸಿಕೊಳ್ಳುತ್ತಿದ್ದವು. 2018ರಲ್ಲಿ ಶಿಯೋಮಿ ಮಿ 8 ಬಂದಾಗಿನಿಂದ ಎಲ್5 ಕೂಡ ಕೇಳುವ ಫೋನ್‌ಗಳು ಬಂದಿವೆ. ಐಫೋನ್‌ನಲ್ಲಿ ಇದು ಮೊದಲು ಬಂದದ್ದು 2022ರ 14 ಪ್ರೊದಲ್ಲಿ. ಕಾಡಿನಲ್ಲಿ, ಬಂಡೆಗಳ ಸಂದಿಯಲ್ಲಿ, ಎತ್ತರದ ಕಟ್ಟಡಗಳ ನಡುವೆ ಉಪಗ್ರಹದ ಸಂಕೇತ ಅಲ್ಲಿ ಇಲ್ಲಿ ಬಡಿದು ತಡವಾಗಿ ಬರುತ್ತದೆ. ನೇರ ಬಂದದ್ದು ಯಾವುದು, ಬಡಿದು ಬಂದದ್ದು ಯಾವುದು ಅಂತ ಬೇರ್ಪಡಿಸಲು ಎಲ್5 ಹೆಚ್ಚು ಸಹಾಯ ಮಾಡುತ್ತದೆ. ಬಯಲಿನಲ್ಲಿ ಅಷ್ಟೇನೂ ವ್ಯತ್ಯಾಸ ಕಾಣದು. ಬೀಚ್ ಮರಗಳ ಕೆಳಗೆ ಕಾಣುತ್ತದೆ.

ಫೋನ್ ಕೊಂಡದ್ದು ಡಿಸೆಂಬರ್ ರಜೆಯಲ್ಲಿ, ಬೆಂಗಳೂರಿನಲ್ಲಿ. ಕೊಳ್ಳುವ ಮೊದಲು ತಂಗಿಯ ಫೋನ್ ಎರವಲು ಪಡೆದೆ. ನನ್ನ ಪಟ್ಟಿಯಲ್ಲಿದ್ದ ಮಾದರಿಯೇ ಅವಳ ಕೈಯಲ್ಲಿತ್ತು. ಅದರಲ್ಲಿ ಜಿಪಿಎಸ್‌ಟೆಸ್ಟ್ ಅನ್ನುವ ಉಚಿತ ಆಪ್ ಹಾಕಿಕೊಂಡು ಬೆಳಿಗ್ಗೆ ಲಾಲ್‌ಬಾಗ್ ಬಂಡೆ ಹತ್ತಿದೆ. ಸುಮಾರು 300 ಕೋಟಿ ವರ್ಷ ಹಳೆಯ ಬಂಡೆ, ಮೇಲೆ ಕೆಂಪೇಗೌಡರ ಗೋಪುರ, ಸುತ್ತ ತೆರೆದ ಆಕಾಶ. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಜಾಗ ಬೆಂಗಳೂರಲ್ಲಿ ನನಗೆ ಗೊತ್ತಿಲ್ಲ. ಆ ಆಪ್ ಪ್ರತಿ ಉಪಗ್ರಹದ ಪಕ್ಕ ಅದರ ದೇಶದ ಬಾವುಟ ತೋರಿಸುತ್ತದೆ. ಅಮೆರಿಕದ ಜಿಪಿಎಸ್, ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈದು, ಅವುಗಳ ಜೊತೆಗೆ ನಮ್ಮ ತ್ರಿವರ್ಣ. ಇಸ್ರೋದ ನಾವಿಕ್. ಅದನ್ನು ನೋಡಿ ತುಂಬಾ ಸಂತೋಷವಾಯಿತು, ತಂಗಿಗೂ ತೋರಿಸಿದೆ. 2020ರಿಂದೀಚೆಗೆ ನಾವಿಕ್ ಅರ್ಥ ಮಾಡಿಕೊಳ್ಳುವ ಚಿಪ್‌ಗಳು ಮಧ್ಯಮ ಬೆಲೆಯ ಫೋನ್‌ಗಳಲ್ಲೂ ಬರುತ್ತಿವೆ. ಆ ಫೋನ್‌ನಲ್ಲಿ ಎಲ್1, ಎಲ್5 ಎರಡೂ ಕಂಡವು. ಬಂಡೆ ಮೇಲೆ ಮೂರು ಮೀಟರ್, ಕೆಳಗೆ ದೊಡ್ಡ ಮರಗಳ ನೆರಳಲ್ಲಿ ಐದು ಮೀಟರ್ ತಪ್ಪು ತೋರಿಸಿತು. ಅದನ್ನೇ ಕೊಂಡೆ.

ನನ್ನಂತೆ ಹೊರದೇಶದಲ್ಲಿದ್ದು ಊರಲ್ಲಿ ಫೋನ್ ಕೊಳ್ಳುವವರು ಇನ್ನೊಂದು ವಿಷಯ ನೋಡಬೇಕು. ಜರ್ಮನಿಯ ಹಳ್ಳಿ, ಕಾಡುಗಳ ಕಡೆ ಮೊಬೈಲ್ ಸಿಗ್ನಲ್ ಬರುವುದು ಮುಖ್ಯವಾಗಿ 800 ಮೆಗಾಹರ್ಟ್ಸ್‌ನಲ್ಲಿ, ಅಂದರೆ ಬ್ಯಾಂಡ್ 20. ಭಾರತಕ್ಕೆಂದು ಮಾಡಿದ ಎಷ್ಟೋ ಮಾದರಿಗಳಲ್ಲಿ ಅದು ಇರುವುದಿಲ್ಲ. ವಿವರಪಟ್ಟಿ ಓದದೆ ಹಣ ಕೊಡಬೇಡಿ.

ಪರದೆ ಬಿಸಿಲಲ್ಲಿ ಕಾಣಬೇಕು, ಬ್ಯಾಟರಿ ದಿನವಿಡೀ ಬರಬೇಕು. ಇವು ಎಲ್ಲರಿಗೂ ಗೊತ್ತಿರುವುದೇ.

ಆಪ್ ವಿಷಯಕ್ಕೆ ಬರುತ್ತೇನೆ. ಜಿಯೋಕ್ಯಾಶಿಂಗ್ ಕಂಪನಿಯ ಅಧಿಕೃತ ಆಪ್ ಹೊಸಬರಿಗೆ ಸುಲಭ. ಆದರೆ ಉಚಿತ ಖಾತೆಯಿದ್ದರೆ ಅದರಲ್ಲಿ ಎಲ್ಲ ಡಬ್ಬಿಗಳ ವಿವರ ತೆರೆಯುವುದಿಲ್ಲ. ನಾನು ಹೆಚ್ಚಾಗಿ ಬಳಸುವುದು ಸಿ-ಜಿಯೋ. ಆಂಡ್ರಾಯ್ಡ್‌ಗೆ ಮಾತ್ರ ಇದೆ, ಉಚಿತ, ಮುಕ್ತ ತಂತ್ರಾಂಶ. ಆಸಕ್ತರೇ ಕೂಡಿ ಬಿಡುವಿನ ವೇಳೆಯಲ್ಲಿ ಕಟ್ಟಿದ್ದು. ಐಫೋನ್ ಇರುವ ಗೆಳತಿ ಹಣ ಕೊಟ್ಟು ಕ್ಯಾಶ್‌ಲಿ ತಗೊಂಡಿದ್ದಾಳೆ, ಅವಳಿಗೆ ತೃಪ್ತಿ ಇದೆ.

ಹೊರಡುವ ಹಿಂದಿನ ರಾತ್ರಿ ಅರ್ಧ ಗಂಟೆ ಫೋನಿಗೆ ಕೊಡುತ್ತೇನೆ. ನಿಜವಾದ ಕೆಲಸ ಅಲ್ಲೇ ಇರುವುದು. ಹೋಗುವ ಜಾಗದ ಡಬ್ಬಿಗಳನ್ನು ಸಿ-ಜಿಯೋದಲ್ಲಿ ಒಂದು ಪಟ್ಟಿ ಮಾಡಿ ಫೋನಿನಲ್ಲೇ ಉಳಿಸುತ್ತೇನೆ. ವಿವರಣೆ, ಸುಳಿವು, ಚಿತ್ರ, ಹಿಂದೆ ಬಂದವರ ಬರಹ ಎಲ್ಲ ಉಳಿಯುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರದ ನಕ್ಷೆಯನ್ನೂ ಆಪ್ ಒಳಗಿಂದಲೇ ಇಳಿಸಿಕೊಳ್ಳಬಹುದು. ಕಾಡಿನ ಕಾಲುದಾರಿ ಕೂಡ ಅದರಲ್ಲಿರುತ್ತದೆ. ಶೋನ್‌ಬುಖ್‌ನ ಕಣಿವೆಗಳಲ್ಲಿ ಎಷ್ಟೋ ಕಡೆ ನನಗೆ ಒಂದು ಗೆರೆ ಸಿಗ್ನಲ್ಲೂ ಸಿಕ್ಕಿಲ್ಲ. ಇಷ್ಟು ಉಳಿಸಿಕೊಂಡಿದ್ದರೆ ಅದರ ಚಿಂತೆಯೇ ಇಲ್ಲ. ಆಮೇಲೆ ಹಿಂದಿನವರ ಬರಹ ಓದುತ್ತೇನೆ. ಕೊನೆಯ ಮೂರು ನಾಲ್ಕು ಜನ ಸಿಗಲಿಲ್ಲ ಅಂತ ಬರೆದಿದ್ದರೆ ಡಬ್ಬಿ ಕಳೆದುಹೋಗಿರಬಹುದು. ಅಂಥದ್ದಕ್ಕೆ ಮಗನನ್ನು ಕರೆದೊಯ್ಯುವುದಿಲ್ಲ. ಹುಡುಕುವುದು ಎಷ್ಟು ಕಷ್ಟ, ಅಲ್ಲಿಗೆ ತಲುಪುವ ನೆಲ ಎಷ್ಟು ಕಠಿಣ ಅನ್ನುವುದಕ್ಕೆ ಪ್ರತಿ ಡಬ್ಬಿಗೂ ಒಂದರಿಂದ ಐದರವರೆಗೆ ಅಂಕಗಳು ಇರುತ್ತವೆ. ನೆಲದ ಅಂಕ ಮೂರು ದಾಟಿದರೆ ಒಳ್ಳೆಯ ಬೂಟು ಬೇಕು.

ಫೋನಿನ ಸೆಟ್ಟಿಂಗ್‌ನಲ್ಲಿ ಎರಡು ಬದಲಾವಣೆ ಮಾಡಲೇಬೇಕು. ಆಪ್‌ಗೆ ನಿಖರ ಸ್ಥಳದ ಅನುಮತಿ ಕೊಡಿ. ಆಂಡ್ರಾಯ್ಡ್ 12ರಿಂದ ಅಂದಾಜು ಸ್ಥಳ ಮಾತ್ರ ಕೊಡುವ ಆಯ್ಕೆಯೂ ಬಂದಿದೆ, ಗಡಿಬಿಡಿಯಲ್ಲಿ ಅದನ್ನು ಒತ್ತಿದರೆ ಡಬ್ಬಿ ಯಾವತ್ತೂ ಸಿಗದು. ಇನ್ನೊಂದು ಬ್ಯಾಟರಿ ಉಳಿತಾಯ. ಈ ಆಪ್ ಒಂದಕ್ಕೆ ಅದನ್ನು ತೆಗೆದುಹಾಕಿ. ಇಲ್ಲದಿದ್ದರೆ ಪರದೆ ಆರಿದ ಕೂಡಲೇ ಫೋನ್ ಅದನ್ನು ನಿಲ್ಲಿಸಿಬಿಡಬಹುದು.

ಸಂಖ್ಯೆಗಳ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಬಿಡಿಸಿ ಹೇಳಬೇಕು. ಈ ಆಟದಲ್ಲಿ ಸ್ಥಳವನ್ನು ಡಿಗ್ರಿ ಮತ್ತು ನಿಮಿಷದಲ್ಲಿ ಬರೆಯುತ್ತಾರೆ, ನಿಮಿಷಕ್ಕೆ ಮೂರು ದಶಮಾಂಶ ಸ್ಥಾನ. ಉದಾಹರಣೆಗೆ ಉತ್ತರ 48° 34.512′. ಸೆಕೆಂಡ್ ಇರುವುದಿಲ್ಲ. ಒಂದು ಸಲ, ಒಂದರಿಂದ ಇನ್ನೊಂದಕ್ಕೆ ಸುಳಿವು ಕೊಡುತ್ತಾ ಹೋಗುವ ಮಲ್ಟಿ ಡಬ್ಬಿಯಲ್ಲಿ, ಎರಡನೆಯ ಜಾಗದ ಸಂಖ್ಯೆಯನ್ನು ಬೇರೊಂದು ನಕ್ಷೆಯ ಆಪ್‌ಗೆ ಕೈಯಾರೆ ತುಂಬಿದೆ. ನಿಮಿಷದ ಖಾನೆಯಲ್ಲಿ 34, ಸೆಕೆಂಡಿನ ಖಾನೆಯಲ್ಲಿ 51.2. ಹೋಗಿ ನೋಡಿದರೆ ನೀರು ನಿಂತ ಜೌಗು. ಸಂಜೆ ಅಪ್ಪನಿಗೆ ಹೇಳಿದಾಗ ಅವರು ಕಾಗದ ತಗೊಂಡರು. "0.512 ನಿಮಿಷವನ್ನ 60ರಿಂದ ಗುಣಿಸಮ್ಮ. 30.72 ಸೆಕೆಂಡ್ ಬರ್ತದೆ. ನೀನು 20 ಸೆಕೆಂಡ್ ಜಾಸ್ತಿ ಹೋಗಿದ್ದೀಯ." ಅಕ್ಷಾಂಶದಲ್ಲಿ ಒಂದು ಸೆಕೆಂಡ್ ಅಂದರೆ ಸುಮಾರು 31 ಮೀಟರ್. ಉತ್ತರಕ್ಕೇ 630 ಮೀಟರ್ ದೂರ ಹೋಗಿದ್ದೆ. ಈಗ ಸಂಖ್ಯೆ ತುಂಬುವ ಮೊದಲು ಆಪ್ ಯಾವ ರೂಪ ಕೇಳುತ್ತಿದೆ ಅಂತ ನೋಡುತ್ತೇನೆ.

ಕಾಡಿನ ಅಂಚಿನಲ್ಲಿ, ಸಿಗ್ನಲ್ ಇರುವಾಗಲೇ, ಫೋನಿಗೆ ಸ್ಥಳ ಹಿಡಿಯಲು ಬಿಡುತ್ತೇನೆ. ಉಪಗ್ರಹಗಳು ಎಲ್ಲಿವೆ ಅನ್ನುವ ಮಾಹಿತಿ ಇಂಟರ್ನೆಟ್‌ನಿಂದ ಕ್ಷಣದಲ್ಲಿ ಬರುತ್ತದೆ. ಅದಿಲ್ಲದಿದ್ದರೆ ಉಪಗ್ರಹದಿಂದಲೇ ಕೇಳಿಸಿಕೊಳ್ಳಬೇಕು, ಮರಗಳ ಕೆಳಗೆ ಅದು ನಿಧಾನ. ಆಮೇಲೆ ಫ್ಲೈಟ್ ಮೋಡ್ ಹಾಕುತ್ತೇನೆ. ಜಿಪಿಎಸ್‌ಗೆ ಅದರಿಂದ ತೊಂದರೆ ಇಲ್ಲ, ಫೋನ್ ಅದರಲ್ಲಿ ಬರೀ ಕೇಳಿಸಿಕೊಳ್ಳುತ್ತದೆ ಅಷ್ಟೇ. ಸಿಗ್ನಲ್ ಹುಡುಕಿ ಹುಡುಕಿ ಬ್ಯಾಟರಿ ಖಾಲಿಯಾಗುವುದು ನಿಲ್ಲುತ್ತದೆ.

ಕವರ್ ಬಗ್ಗೆಯೂ ಹೇಳಲೇಬೇಕು. ಮುಚ್ಚಳ ಅಂಟಿಕೊಳ್ಳಲು ಆಯಸ್ಕಾಂತ ಇರುವ ಕವರ್ ಹಾಕಿದರೆ ದಿಕ್ಸೂಚಿ ಕೆಡುತ್ತದೆ. ನಾನು ಸಾದಾ ರಬ್ಬರ್ ಕವರ್ ಹಾಕುತ್ತೇನೆ. ಬಾಣ ಅನುಮಾನ ಹುಟ್ಟಿಸಿದರೆ ಗಾಳಿಯಲ್ಲಿ ಫೋನಿನಿಂದ ಇಂಗ್ಲಿಷಿನ ಎಂಟು ಬರೆದ ಹಾಗೆ ನಾಲ್ಕೈದು ಸಲ ತಿರುಗಿಸಿದರೆ ಸರಿಹೋಗುತ್ತದೆ. ಜನವರಿಯ ಚಳಿಯಲ್ಲಿ, ಸೊನ್ನೆಗಿಂತ ಕೆಳಗೆ, 40 ಪ್ರತಿಶತ ಚಾರ್ಜ್ ಇದ್ದ ಫೋನ್ ಒಮ್ಮೆ ನನ್ನ ಕೈಯಲ್ಲೇ ಆರಿಹೋಯಿತು. ಚಳಿಗೆ ಬ್ಯಾಟರಿ ಸೊರಗುತ್ತದೆ. ಅಂದಿನಿಂದ ಚಳಿಗಾಲದಲ್ಲಿ ಫೋನ್ ಸ್ವೆಟರ್ ಒಳಗಿನ ಜೇಬಿನಲ್ಲಿ, 10,000 ಎಂಎಎಚ್ ಪವರ್ ಬ್ಯಾಂಕ್ ಜೊತೆಗೆ.

ಹತ್ತು ಮೀಟರ್ ಉಳಿದಾಗ ನಡಿಗೆ ನಿಧಾನ ಮಾಡುತ್ತೇನೆ. ಸೊನ್ನೆ ಹತ್ತಿರ ಬಂದಾಗ ಫೋನನ್ನು ಒಂದು ಕಲ್ಲಿನ ಮೇಲೆ ಎರಡು ನಿಮಿಷ ಸುಮ್ನೆ ಇಡುತ್ತೇನೆ. ಸಂಖ್ಯೆ ಸ್ಥಿರವಾಗುತ್ತದೆ. ಆಮೇಲೆ ಅದು ಜೇಬಿಗೆ. ಮತ್ತೆ ತೆಗೆಯುವುದು ಮರದ ಪೊಟರೆಯೊಳಗೆ ಬೆಳಕು ಬಿಟ್ಟು ಕ್ಯಾಮೆರಾದಲ್ಲಿ ನೋಡಲು ಮಾತ್ರ. ಕೈ ಹಾಕುವ ಮೊದಲು ಒಳಗೆ ಏನಿದೆ ಅಂತ ನೋಡುವುದು ಒಳ್ಳೆಯದು ಅಲ್ವಾ?

ಕಳೆದ ಜೂನ್‌ನಲ್ಲಿ ಅಪ್ಪ ಬಂದಿದ್ದರು. ಮೂವರೂ ಹಳೆಯ ಆ ಬೀಚ್ ಮರದ ಹತ್ತಿರ ಹೋದೆವು. ಹೊಸ ಫೋನಿನ ಬಾಣ ನಿಂತಲ್ಲೂ ಅಲುಗಲಿಲ್ಲ. ಸೊನ್ನೆ ತೋರಿಸಿದ ಜಾಗದಲ್ಲಿ ಮಗ ಒಂದು ಕೋಲು ನೆಟ್ಟ. ತಾತ ಸುತ್ತಲೂ ಹೆಜ್ಜೆ ಹಾಕಿ, "ಈ ಗುಂಟೆಯೊಳಗೇ ಇರ್ಬೇಕು ನೋಡಪ್ಪ" ಅಂದರು. ಹಿಂದಿನ ಸಲ ನಾವು ಸುತ್ತಿದ ಮರ ಆ ಗುಂಟೆಯೊಳಗೆ ಇರಲೇ ಇಲ್ಲ. ಗುಂಟೆಯೊಳಗೇ ಬಿದ್ದಿದ್ದ ಒಂದು ಮರದ ದಿಮ್ಮಿಯ ಅಡಿ, ಪಾಚಿ ಮುಚ್ಚಿದ ಸಂದಿಯಲ್ಲಿ ಡಬ್ಬಿ ಇತ್ತು. ಸೋಡಾ ಬಾಟಲಿಯನ್ನು ಗಾಳಿ ಊದಿ ಹಿಗ್ಗಿಸುವ ಮೊದಲು ಇರುತ್ತದಲ್ಲ, ಆ ಪ್ಲಾಸ್ಟಿಕ್ ಕೊಳವೆ. ಜರ್ಮನರು ಇದನ್ನು ಪೆಟ್‌ಲಿಂಗ್ ಅಂತಾರೆ. "ತಾತಾ, ಸಿಕ್ತು!" ಅಂತ ಮಗ ಕೂಗಿದ.

ಅಪ್ಪ ಚೀಲದಿಂದ ಟೇಪ್ ತೆಗೆದರು. ಊರಿನಿಂದ ತಂದಿದ್ದರಂತೆ, ನನಗೆ ಹೇಳಿರಲಿಲ್ಲ. ಒಂದು ತುದಿಯನ್ನು ಮೊಮ್ಮಗನ ಕೈಗೆ ಕೊಟ್ಟು ಕೋಲಿನಿಂದ ದಿಮ್ಮಿಯವರೆಗೆ ಅಳೆದರು. 4 ಮೀಟರ್ 20 ಸೆಂಟಿಮೀಟರ್. ಲಾಗ್‌ಬುಕ್‌ನಲ್ಲಿ ದಿನಾಂಕದ ಪಕ್ಕ ಕನ್ನಡದಲ್ಲಿ ಸಹಿ ಮಾಡಿ, ಅದರ ಕೆಳಗೆ ಆ ಅಳತೆಯನ್ನೂ ಬರೆದರು.