ಕೀಮೋಗೆ ಮುಂಚೆ ವೀರ್ಯ ಫ್ರೀಜ್ ಮಾಡುವುದು: ಲ್ಯಾಬಿಗೆ ಹೊಸದಾಗಿ ಸೇರಿದವರಿಗೆ

ವೀರ್ಯ ತೆಗೆದಿಡಿಸಲು ನಮ್ಮಲ್ಲಿಗೆ ಬರುವವರಲ್ಲಿ, ಕ್ಯಾನ್ಸರ್ ಎಂದು ಈಗಷ್ಟೇ ಗೊತ್ತಾದ ಹುಡುಗರ ಕೆಲಸವನ್ನು ನಾನು ಎಲ್ಲಕ್ಕಿಂತ ಮೊದಲು ಹಿಡಿಯುತ್ತೇನೆ. ಮಾಮೂಲಿಯಾಗಿ ಹಿಂದಿನ ಸ್ಖಲನದಿಂದ 2ರಿಂದ 7 ದಿನದ ಅಂತರ ಕೇಳುತ್ತೇವೆ ಅಲ್ವಾ, ಇವರಿಗೆ ಅಷ್ಟು ಪುರಸೊತ್ತು ಇರುವುದಿಲ್ಲ. ಕೀಮೋ ಶುರುವಾಗುವುದರೊಳಗೆ ಎಷ್ಟು ಸಲ ಸಾಧ್ಯವೋ ಅಷ್ಟು ಸಲ ಸ್ಯಾಂಪಲ್ ತೆಗೆದುಕೊಳ್ಳಿ. ಶುರುವಾದ ಮೇಲೆ ಬೇಡ, ಔಷಧಿಯಿಂದ ವೀರ್ಯಾಣುವಿನ ಡಿಎನ್‌ಎ ಕೆಟ್ಟಿರಬಹುದು.

ಒಪ್ಪಿಗೆ ಫಾರಂನಲ್ಲಿ, ತನಗೇನಾದರೂ ಆದರೆ ಈ ವಯಲ್‌ಗಳನ್ನು (ವೀರ್ಯ ಫ್ರೀಜ್ ಮಾಡಿಡುವ ಪುಟ್ಟ ಸೀಸೆಗಳನ್ನು) ಏನು ಮಾಡಬೇಕು ಎಂಬ ಪ್ರಶ್ನೆ ಇರುತ್ತದೆ. ಅದನ್ನು ಅಪ್ಪ ಅಮ್ಮನ ಎದುರು ಕೇಳಬೇಡಿ. ಅವನೊಬ್ಬನನ್ನೇ ಕೂರಿಸಿಕೊಂಡು, ನಿಧಾನವಾಗಿ ಕೇಳಿ. ಎಚ್‌ಐವಿ, ಹೆಪಟೈಟಿಸ್ ಬಿ, ಸಿ ರಿಪೋರ್ಟ್ ಬರುವವರೆಗೆ ಅವನ ವಯಲ್‌ಗಳು ಬೇರೆ ದ್ರವ ನೈಟ್ರೋಜನ್ ಕ್ಯಾನ್‌ನಲ್ಲೇ ಇರಲಿ.

ಹೆಸರು, ನಂಬರ್ ಮುಚ್ಚಳದ ಮೇಲಲ್ಲ, ಸ್ಯಾಂಪಲ್ ಡಬ್ಬಿಯ ಮೈಮೇಲೆ ಬರೆಯಿರಿ. ಸ್ಯಾಂಪಲ್ 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟರೆ ಸಾಮಾನ್ಯವಾಗಿ ನೀರಾಗುತ್ತದೆ. ಆಮೇಲೆ ಎಣಿಕೆ, ಚಲನೆ ನೋಡಿ ಬರೆದುಕೊಳ್ಳಿ.

ಈಗ ಅವಸರ ಮಾಡಲೇಬಾರದ ಹಂತ. ಫ್ರೀಜ್ ಮಾಡುವ ಮುಂಚೆ ಸ್ಯಾಂಪಲ್ಲಿಗೆ ಬೆರೆಸುವ ದ್ರವದಲ್ಲಿ, ಅಂದರೆ ಫ್ರೀಜಿಂಗ್ ಮೀಡಿಯಂನಲ್ಲಿ ಇರುವ ಗ್ಲಿಸರಾಲ್ ಜೀವಕೋಶದ ನೀರನ್ನು ಹೊರಗೆಳೆಯುತ್ತದೆ. ಒಳಗೆ ಐಸ್ ಹರಳು ಕಟ್ಟದಂತೆ ಕಾಯುವುದು ಹಾಗೆಯೇ. ಆದರೆ ಒಮ್ಮೆಲೇ ಸುರಿದರೆ ಆ ಹೊಡೆತಕ್ಕೇ ವೀರ್ಯಾಣು ಸಾಯುತ್ತವೆ. ಮೀಡಿಯಂ ರೂಮಿನ ಬಿಸಿಗೆ ಬಂದ ಮೇಲೆ ಹನಿ ಹನಿಯಾಗಿ ಹಾಕುತ್ತಾ, ಮೆಲ್ಲಗೆ ಅಲುಗಿಸಿ. ಎಷ್ಟು ಹಾಕಬೇಕೆಂಬುದು ಕಿಟ್‌ನ ಚೀಟಿಯಲ್ಲಿದೆ, ಅಂದಾಜು ಬೇಡ.

ವಯಲ್ ತುಂಬಾ ತುಂಬಿಸಬೇಡಿ, ಮೇಲೆ ಜಾಗ ಇರಲಿ. ನೈಟ್ರೋಜನ್ ಆವಿಯಲ್ಲಿ ಸುಮಾರು ಅರ್ಧ ಗಂಟೆ ತೂಗುಹಾಕಿ, ಆಮೇಲೆ ಮೈನಸ್ 196 ಡಿಗ್ರಿಯ ದ್ರವಕ್ಕೆ ಇಳಿಸಿ. ಕನ್ನಡಕ, ದಪ್ಪ ಗ್ಲೌಸ್ ಕಡ್ಡಾಯ. ಗಾಳಿಯಾಡದ ಕೋಣೆಯಲ್ಲಿ ಈ ಕೆಲಸ ಬೇಡವೇ ಬೇಡ, ನೈಟ್ರೋಜನ್ ಅಲ್ಲಿನ ಆಕ್ಸಿಜನ್ನನ್ನು ತಳ್ಳಿಬಿಡುತ್ತದೆ.

ಸ್ವಲ್ಪ ಭಾಗವನ್ನು ಬೇರೆಯಾಗಿ ಫ್ರೀಜ್ ಮಾಡಿ, ಕರಗಿಸಿ ನೋಡಿ. ಅರ್ಧದಷ್ಟು ಚಲನೆ ಹೋಗಿದ್ದರೂ ಗಾಬರಿಯಾಗಬೇಡಿ, ಅದು ಸಾಮಾನ್ಯ. ಕಾಯಿಲೆಯಿಂದಲೇ ಎಣಿಕೆ ತೀರಾ ಕಡಿಮೆ ಇರುವ ಹುಡುಗರೂ ಬರುತ್ತಾರೆ. ಅಂಥ ಸ್ಯಾಂಪಲ್ಲನ್ನು ದಯವಿಟ್ಟು ಚೆಲ್ಲಬೇಡಿ. ಇಕ್ಸಿಯಲ್ಲಿ, ಅಂದರೆ ಸೂಜಿಯಿಂದ ವೀರ್ಯಾಣುವನ್ನು ನೇರವಾಗಿ ಅಂಡಾಣುವಿನೊಳಗೆ ಬಿಡುವ ವಿಧಾನದಲ್ಲಿ, ಒಂದು ಅಂಡಾಣುವಿಗೆ ಒಂದೇ ವೀರ್ಯಾಣು ಸಾಕು. ಕರಗಿಸಿದ ವಯಲ್ಲನ್ನು ಸಾಮಾನ್ಯವಾಗಿ ಮತ್ತೆ ಫ್ರೀಜ್ ಮಾಡುವುದಿಲ್ಲ, ಆದ್ದರಿಂದ ಸ್ವಲ್ಪ ಸ್ವಲ್ಪವಾಗಿ ಜಾಸ್ತಿ ವಯಲ್‌ಗಳಿಗೆ ಹಂಚಿ. ರಿಪೋರ್ಟ್ ಬಂದ ಮೇಲೆ ಅವನ್ನು ಎರಡು ಕ್ಯಾನ್‌ಗಳಲ್ಲಿಡಿ. ಒಂದು ಕ್ಯಾನ್ ಕೈಕೊಟ್ಟರೂ ಇನ್ನೊಂದರಲ್ಲಿ ಅವನದು ಉಳಿದಿರುತ್ತದೆ.