ಮಿನ್ನೆಸೋಟದ ಚಳಿಯಲ್ಲಿ ಲಾವಕ್ಕಿ ಸಾಕುವವರಿಗೆ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಇಲ್ಲಿಗೆ, ಅಮೆರಿಕದ ಮಿನ್ನೆಸೋಟ ರಾಜ್ಯಕ್ಕೆ ಬಂದ ಹಲವರು ಹಿತ್ತಲಿರುವ ಮನೆ ಸಿಕ್ಕ ಕೂಡಲೇ ಲಾವಕ್ಕಿ ಬಗ್ಗೆ ಕೇಳುತ್ತಾರೆ. ಎರೆಹೊಲದ ಬದುವಿನಿಂದ ಪುರ್ರನೆ ಹಾರುವ ಹಕ್ಕಿ ನೋಡಿ ಬೆಳೆದವರಲ್ವಾ, ಆಸೆ ಸಹಜ. ಇಲ್ಲಿ ಸಾಕಲು ಸಿಗುವುದು ಜಪಾನಿ ಕ್ವೇಲ್ ಎಂಬ ಲಾವಕ್ಕಿ ಜಾತಿ. ಧಾರಾಳವಾಗಿ ಸಾಕಿ. ಆದರೆ ನಿಯಮ ಊರಿಂದ ಊರಿಗೆ ಬೇರೆ. ಮೊದಲು ಸಿಟಿ ಆಫೀಸಿನಲ್ಲಿ ವಿಚಾರಿಸಿ, ಬಾಡಿಗೆ ಮನೆಯಾದರೆ ಮಾಲೀಕರನ್ನೂ ಕೇಳಿ.

ಜನವರಿಯಲ್ಲಿ ಇಲ್ಲಿ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ಗೂ ಇಳಿಯುತ್ತದೆ. ಅದಕ್ಕೆ ಹೆದರಿ ನಮ್ಮವರು ಗೂಡಿಗೆ ಸುತ್ತಲೂ ಪ್ಲಾಸ್ಟಿಕ್ ಬಿಗಿದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬಲಿತ, ಆರೋಗ್ಯವಾಗಿರುವ ಲಾವಕ್ಕಿ ಒಣ ಚಳಿ ತಡೆಯುತ್ತದೆ. ಅದನ್ನು ಕೊಲ್ಲುವುದು ತೇವ ಮತ್ತು ನೇರ ಗಾಳಿ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಧಾರವಾಡದ ಥಂಡಿ ಹೇಗೆ ಮೈಗೆ ಹತ್ತುತ್ತದೆ ಅಂತ ನಿಮಗೇ ಗೊತ್ತು. ಉಸಿರು, ಹಿಕ್ಕೆ ಎರಡರಿಂದಲೂ ತೇವ ಏಳುತ್ತದೆ. ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಅದು ಹಕ್ಕಿಯ ಮೈಮೇಲೇ ಕೂರುತ್ತದೆ.

ಹಾಗಾಗಿ ಮೂರು ಕಡೆ ಗಾಳಿಗೆ ಮರೆ ಮಾಡಿ, ಛಾವಣಿಯ ಕೆಳಗೆ ಮಾತ್ರ ಕಿಂಡಿ ಬಿಡಿ. ಬೆಳಗ್ಗೆ ಗೂಡಿನೊಳಗೆ ಕೈ ಹಾಕಿ ಛಾವಣಿಯ ಒಳಮೈ ಮುಟ್ಟಿ ನೋಡಿ. ಬೆರಳಿಗೆ ಹನಿ ಅಂಟಿದರೆ, ಇಲ್ಲವೇ ಬಿಳಿ ಹಿಮದ ಪುಡಿ ಉದುರಿದರೆ, ಕಿಂಡಿ ಸಾಲದು. ಅಮೋನಿಯಾ ವಾಸನೆ ಬಂದರೂ ಅದೇ ಮಾತು.

ಒಂದು ಹಕ್ಕಿಗೆ ಸುಮಾರು 1 ಚದರಡಿ ಜಾಗ ಕೊಡಿ. ಗೂಡು ತಗ್ಗಾಗಿಯೇ ಇರಲಿ, 1 ಅಡಿ ಎತ್ತರ ಸಾಕು. ಬೆದರಿದರೆ ಇವು ನೆಟ್ಟಗೆ ಮೇಲಕ್ಕೆ ಚಿಮ್ಮುತ್ತವೆ. ಎರಡು-ಮೂರು ಅಡಿ ಎತ್ತರವಿದ್ದರೆ ವೇಗ ಹೆಚ್ಚಿ ತಲೆಗೆ ಪೆಟ್ಟಾಗುತ್ತದೆ. ಜಾಲರಿಯ ಕಣ್ಣು ಅರ್ಧ ಇಂಚು ಮೀರಬಾರದು, ತಂತಿ ಗಟ್ಟಿ ಇರಬೇಕು. ಸಾದಾ ಕೋಳಿ ಜಾಲರಿಯನ್ನು ರಕೂನ್ ಎಂಬ ಇಲ್ಲಿನ ಕಾಡುಪ್ರಾಣಿ ಹರಿದುಹಾಕುತ್ತದೆ. ಛಾವಣಿ ಮುಚ್ಚಿರಲಿ. 2015ರಲ್ಲೂ 2022ರಲ್ಲೂ ಈ ರಾಜ್ಯದ ಟರ್ಕಿ ಕೋಳಿ ಫಾರ್ಮ್‌ಗಳಲ್ಲಿ ಹಕ್ಕಿಜ್ವರ ಹಬ್ಬಿತ್ತು. ಕಾಡುಹಕ್ಕಿಯ ಹಿಕ್ಕೆ ಒಳಗೆ ಬೀಳಬಾರದು. ಇವು ಕೊಂಬೆ ಮೇಲಲ್ಲ, ನೆಲದ ಮೇಲೆ ಒತ್ತೊತ್ತಾಗಿ ಮಲಗುತ್ತವೆ. ಪೈನ್ ಮರದ ಹೊಟ್ಟು, ಒಣಹುಲ್ಲು ದಪ್ಪಗೆ ಹಾಸಿ.

ಹೀಟ್ ಲ್ಯಾಂಪ್ ಮಾತ್ರ ಬೇಡವೇ ಬೇಡ. ಒಣಹುಲ್ಲಿನ ಮೇಲೆ ಬಿದ್ದರೆ ಗೂಡೇ ಸುಟ್ಟುಹೋಗುತ್ತದೆ. ಕರೆಂಟು ಬೇಕಿರುವುದು ನೀರಿಗೆ. ಹೆಪ್ಪುಗಟ್ಟದಂತೆ ಕಾಯಿಸುವ ನೀರಿನ ಪಾತ್ರೆ ಅಂಗಡಿಯಲ್ಲಿ ಸಿಗುತ್ತದೆ. ಇಲ್ಲದಿದ್ದರೆ ದಿನಕ್ಕೆ ಹಲವು ಸಲ ನೀರು ಬದಲಿಸಬೇಕು. ನೀರು ಸಿಗದ ಹಕ್ಕಿ ಕಾಳೂ ತಿನ್ನುವುದಿಲ್ಲ, ಆಮೇಲೆ ಚಳಿಗೆ ಸೋಲುತ್ತದೆ. ಶೇ. 20ರಷ್ಟಾದರೂ ಪ್ರೋಟೀನ್ ಇರುವ ಆಹಾರ ಸದಾ ಇರಲಿ. ಸಂಜೆ ಹಿಡಿ ನವಣೆ ಹಾಕಿದರೆ ಖುಷಿಯಿಂದ ಹೆಕ್ಕುತ್ತವೆ.

ಹಗಲು ಕುಗ್ಗಿದಾಗ ಮೊಟ್ಟೆ ನಿಲ್ಲುತ್ತದೆ. 14 ಗಂಟೆ ದೀಪ ಉರಿಸಿ ಮೊಟ್ಟೆ ಪಡೆಯುವವರಿದ್ದಾರೆ. ನನ್ನ ಕೇಳಿದರೆ, ಹಕ್ಕಿಗೂ ವಿಶ್ರಾಂತಿ ಬೇಕು, ಬಿಟ್ಟುಬಿಡಿ.

ತಯಾರಿ ಸೆಪ್ಟೆಂಬರಿನಲ್ಲೇ ಶುರುವಾಗಬೇಕು. ಆಗಲೇ ಹೊರಗಿದ್ದರೆ ದಿನದಿನದ ಚಳಿಗೆ ಮೈ ಒಗ್ಗುತ್ತದೆ. ಅಕ್ಟೋಬರ್ ಕೊನೆಗೆ ಹುಟ್ಟಿದ ಮರಿಗಳನ್ನು ಆ ವರ್ಷ ಹೊರಗೆ ಬಿಡಬೇಡಿ. ರಾತ್ರಿ ಮನೆಯೊಳಗೆ, ಹಗಲು ಹೊರಗೆ ಅಂತ ಸಾಗಿಸುವುದಂತೂ ಕೂಡದು. ಯಾವುದಾದರೂ ಹಕ್ಕಿ ಗುಂಪು ಬಿಟ್ಟು, ಪುಕ್ಕ ಉಬ್ಬಿಸಿ, ಕಾಳು ಮುಟ್ಟದೆ ಕೂತರೆ ಗ್ಯಾರೇಜಿಗೆ ತನ್ನಿ. ಹೀಟರ್ ಪಕ್ಕ ಇಡಬೇಡಿ. ಒಮ್ಮೆ ಒಳಗೆ ತಂದದ್ದನ್ನು ಬಿಸಿಲು ಬಲಿಯುವವರೆಗೆ ಒಳಗೇ ಇಟ್ಟುಕೊಳ್ಳಿ.