ತೋಟದ ಲೆಕ್ಕವನ್ನು ಪೈಥಾನ್ 2ರಿಂದ 3ಕ್ಕೆ ದಾಟಿಸುವಾಗ

ತೋಟದ ಲೆಕ್ಕದ ಹಳೇ ಪ್ರೋಗ್ರಾಮ್‌ಗಳನ್ನು ಬರೆದಿರುವ ಭಾಷೆ ಪೈಥಾನ್. ಅದರ 2ನೇ ಆವೃತ್ತಿಯ ಕಾಲ 2020ರ ಜನವರಿ 1ಕ್ಕೇ ಮುಗಿಯಿತು. ಆದರೆ ಕೊಡಗಿನ ಗೋಣಿಕೊಪ್ಪದ ಸುತ್ತಮುತ್ತ ನಾನು ನೋಡಿಕೊಳ್ಳುವ ತೋಟದ ಆಫೀಸುಗಳಲ್ಲಿ, ಹಳೇ ಕಂಪ್ಯೂಟರ್ ಮಳೆಗಾಲದಲ್ಲಿ ಕೈಕೊಡುವ ತನಕ ಯಾರಿಗೂ ಅದರ ಚಿಂತೆ ಇರುವುದಿಲ್ಲ. ಹೊಸದು ಬಂದು, ಅದರಲ್ಲಿ ಪೈಥಾನ್ 3 ಮಾತ್ರ ಇದ್ದು, ಹಳೇ ಪ್ರೋಗ್ರಾಮ್ ಓಡದೆ ಕಾಫಿ ಬಿಲ್ಲು ಬರುತ್ತಿಲ್ಲ ಅಂದಾಗ ಫೋನು ಬರುತ್ತದೆ.

ಹಳೇ ಯಂತ್ರ ಇನ್ನೂ ಉಸಿರಾಡುತ್ತಿದ್ದರೆ ಕೋಡಿಗೆ ಕೈ ಹಾಕಬೇಡಿ. ಮೊದಲು ಹೋದ ವರ್ಷದ ಬಿಲ್ಲು, ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿ ಪಟ್ಟಿ), ಮಳೆ ಲೆಕ್ಕ ಎಲ್ಲವನ್ನೂ ಅದರಲ್ಲೇ ಓಡಿಸಿ, ಬಂದದ್ದನ್ನು ಫೈಲಿಗೆ ಇಳಿಸಿಕೊಳ್ಳಿ. ಆಮೇಲೆ ಅದೇ ಅಂಕಿಗಳನ್ನು ಹೊಸದಕ್ಕೆ ಕೊಟ್ಟು ಸಾಲು ಸಾಲಾಗಿ ತಾಳೆ ನೋಡಬೇಕು.

ವ್ಯಾಕರಣದ ತಪ್ಪುಗಳಿಗೆ ಹೆದರಬೇಕಿಲ್ಲ. ಅಚ್ಚು ಹಾಕಿಸುವ ಪ್ರಿಂಟ್‌ಗೆ (print) ಆವರಣ ಹಾಕಿ. ತಪ್ಪು ಹಿಡಿಯುವ ಎಕ್ಸೆಪ್ಟ್ (except) ಸಾಲಿನಲ್ಲಿ ಅಲ್ಪವಿರಾಮದ ಜಾಗಕ್ಕೆ ಆ್ಯಸ್ (as) ಬರೆಯಿರಿ. <> ಇದ್ದಲ್ಲಿ != ಹಾಕಿ. ಬಿಟ್ಟುಹೋದರೆ ಪ್ರೋಗ್ರಾಮ್ ಅಲ್ಲೇ ನಿಂತು ಸಾಲಿನ ನಂಬರು ಹೇಳುತ್ತದೆ. ಟ್ಯಾಬ್ ಮತ್ತು ಸ್ಪೇಸ್ ಕಲಸಿದ ಫೈಲಿದ್ದರೆ ಮಾತ್ರ ಸ್ವಲ್ಪ ತಾಳ್ಮೆ ಬೇಕು. ಪೈಥಾನ್ 2 ಟ್ಯಾಬನ್ನು 8 ಕಾಲಮ್ಮಿನ ಲೆಕ್ಕದಲ್ಲಿ ಓದುತ್ತಿತ್ತು. ಹಾಗಾಗಿ ಎಡಿಟರಿನಲ್ಲಿ ಟ್ಯಾಬನ್ನು 8ಕ್ಕೆ ಇಟ್ಟು ಸ್ಪೇಸಿಗೆ ಬದಲಾಯಿಸಿ. ನೇರವಾಗಿ 4ಕ್ಕೆ ಇಟ್ಟರೆ ಇಫ್ (if) ಷರತ್ತಿನ ಒಳಗಿನ ಸಾಲು ಹೊರಗೆ ಬಿದ್ದೀತು.

ನನಗೆ ಭಯ ಇರುವುದು ಸದ್ದಿಲ್ಲದೆ ಬದಲಾಗುವ ಸಾಲುಗಳ ಬಗ್ಗೆ. ಬರೀ ಪ್ರಿಂಟ್ ಅಂತ ಇದ್ದ ಸಾಲು ಮೊದಲು ಒಂದು ಖಾಲಿ ಸಾಲು ಬಿಡುತ್ತಿತ್ತು. 3ರಲ್ಲಿ ಅದು ದೂರು ಹೇಳುವುದಿಲ್ಲ, ಕೆಲಸವನ್ನೂ ಮಾಡುವುದಿಲ್ಲ. ಮುದ್ರಿತ ಬಿಲ್ ಹಾಳೆಯಲ್ಲಿ ಎಲ್ಲ ಒಂದು ಗೆರೆ ಮೇಲೆ ಸರಿದು, ಒಟ್ಟು ಮೊತ್ತ ಕಡಿತದ ಚೌಕದಲ್ಲಿ ಕೂರುತ್ತದೆ.

ಭಾಗಾಕಾರ ಇನ್ನೂ ಕಿಲಾಡಿ. ರೋಬಸ್ಟಾ ಚೆರ್ರಿ 1,230 ಕಿಲೋ ಬಂತು ಅನ್ನಿ. ಚೀಲಕ್ಕೆ 50 ಕಿಲೋ. ಕಿಲೋ / 50 ಚೀಲ, ಕಿಲೋ % 50 ಚಿಲ್ಲರೆ ಅಂತ ಬರೆದಿರುತ್ತಾರೆ. ಎರಡೂ ಪೂರ್ಣಾಂಕವಾದರೆ ಪೈಥಾನ್ 2ರಲ್ಲಿ 24 ಚೀಲ, 30 ಕಿಲೋ. 3ರಲ್ಲಿ 24.6 ಚೀಲ, ಜೊತೆಗೆ ಅದೇ 30 ಕಿಲೋ! ಎರಡಕ್ಕೂ ದರ ಕಟ್ಟಿದರೆ ಆ 30 ಕಿಲೋಗೆ ಎರಡು ಸಲ ದುಡ್ಡು. ದುಡ್ಡು ತಗೊಂಡವರು ಬಂದು ಹೇಳುವುದಿಲ್ಲ ಬಿಡಿ. ಇಲ್ಲಿ / ತೆಗೆದು, ಪೂರ್ಣ ಭಾಗವನ್ನಷ್ಟೇ ಕೊಡುವ // ಹಾಕಬೇಕು.

ಹಾಗಂತ ಎಲ್ಲಾ ಕಡೆ // ಹಾಕಿಬಿಡಬೇಡಿ. ಚೀಲದ ದರ 10,430 ರೂಪಾಯಿ ಅನ್ನಿ, ಕಿಲೋ ದರ ತೆಗೆಯಲು 50ರಿಂದ ಭಾಗಿಸಿದರೆ ಹಳೆಯದು 208 ಅಂತ ಕೊಡುತ್ತಿತ್ತು, ಹೊಸದು 208.6 ಅನ್ನುತ್ತದೆ. ಇಲ್ಲಿ ಹೊಸದೇ ಸರಿ. ತಾಳೆಯಾಗದ ಕಡೆಯೆಲ್ಲ ಹೊಸದನ್ನೇ ಬೈಯಬೇಡಿ. ಎಣಿಸುತ್ತಿರುವುದು ಚೀಲವೋ ದುಡ್ಡೋ ಅಂತ ಒಂದೊಂದು ಸಾಲಿಗೂ ಕೇಳಿಕೊಳ್ಳಿ. ಪೈಥಾನ್ 3.12ರವರೆಗೆ ಜೊತೆಗೇ ಬರುತ್ತಿದ್ದ 2ಟು3 ಉಪಕರಣ ಪ್ರಿಂಟ್ ತಿದ್ದಿಕೊಡುತ್ತದೆ, ಭಾಗಾಕಾರವನ್ನು ಮುಟ್ಟುವುದಿಲ್ಲ.

ಅಂಕಿಯನ್ನು ಹತ್ತಿರದ ಪೂರ್ಣಾಂಕಕ್ಕೆ ತರುವ ರೌಂಡ್ (round) ಕೂಡ ಬದಲಾಗಿದೆ. 208.5 ಮೊದಲು 209 ಆಗುತ್ತಿತ್ತು, ಈಗ 208. ಸರಿಯಾಗಿ ಅರ್ಧಕ್ಕೆ ಬಂದರೆ ಹತ್ತಿರದ ಸಮಸಂಖ್ಯೆಗೆ ಹೋಗುವುದು ಈಗಿನ ನಿಯಮ. ದುಡ್ಡಿನ ಲೆಕ್ಕಕ್ಕೆ ಪೈಥಾನ್ ಜೊತೆಗೇ ಬರುವ ಡೆಸಿಮಲ್ (decimal) ಮಾಡ್ಯೂಲ್ ಬಳಸಿ, ಅರ್ಧವನ್ನು ಯಾವ ಕಡೆ ತಳ್ಳಬೇಕೆಂದು ಅದಕ್ಕೆ ಬಾಯಿಬಿಟ್ಟು ಹೇಳಿ.

ಮಳೆ ಪುಸ್ತಕಕ್ಕೆ ಬೇರೆಯದೇ ರಗಳೆ. ನಮ್ಮಲ್ಲಿ ಮಳೆಯನ್ನು ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ) ಬರೆಯುತ್ತಾರೆ. ತೋಟದ ಗುಮಾಸ್ತ ರೈಟರು ರಜೆ ಹಾಕಿದ ದಿನ ಅಲ್ಲಿ ಅಂಕಿಯ ಬದಲು, ಏನೂ ಇಲ್ಲ ಅನ್ನುವ None ಇರುತ್ತದೆ. ಪೈಥಾನ್ 2 ಅದನ್ನು ಎಲ್ಲ ಅಂಕಿಗಿಂತ ಚಿಕ್ಕದೆಂದು ಭಾವಿಸಿ, ತಿಂಗಳ ಹೆಚ್ಚಿನ ಮಳೆಯನ್ನು ಸುಮ್ಮನೆ ಹುಡುಕಿಕೊಡುತ್ತಿತ್ತು. 3ರಲ್ಲಿ ಇವನ್ನು ಹೋಲಿಸಲಾಗದು ಅಂತ ಟೈಪ್ ಎರರ್ ಬರುತ್ತದೆ. ಆ ಜಾಗಕ್ಕೆ ಸೊನ್ನೆ ತುಂಬುವ ಆಸೆ ಎಲ್ಲರಿಗೂ ಬರುತ್ತದೆ, ಬೇಡ. ಮಾರ್ಚ್‌ನಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಂದ ದಿನವೇ ಅಳತೆ ತಪ್ಪಿರಬಹುದು. ಲೆಕ್ಕ ಹಾಕುವಾಗ ಅಂಥ ದಿನಗಳನ್ನು ಬಿಟ್ಟು ಹುಡುಕಿ, ವರದಿಯ ಕೆಳಗೆ ಆ ತಾರೀಖುಗಳನ್ನು ಬೇರೆಯಾಗಿ ಅಚ್ಚು ಹಾಕಿಸಿ. ಪಕ್ಕದ ತೋಟದವರ ಪುಸ್ತಕ ನೋಡಿ ರೈಟರೇ ತುಂಬಿಕೊಳ್ಳುತ್ತಾರೆ.